ಮೂರನೇ ಅಭ್ಯರ್ಥಿ

ಬಂದರಿನ ಹಿಂದಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಹಾಯಕರ ಕೆಲಸ ಒಂದು ಖಾಲಿ ಇತ್ತು. ರಕ್ತ, ಮಲ, ಮೂತ್ರ, ಕಫ ಬಂದಾಗ ತೆಗೆದುಕೊಂಡು, ಚೀಟಿ ನೋಡಿ, ಯಂತ್ರಕ್ಕೆ ಒಪ್ಪಿಸುವ ಕೆಲಸ. ಅದರ ಸಂದರ್ಶನಕ್ಕೆ ಸೆರಫೀನಾ ಐವುಗೆ ಕರೆ ಬಂತು. ಗುರುವಾರ ಬೆಳಿಗ್ಗೆ. ಸಂದರ್ಶನ ನಡೆಯುವ ಕೋಣೆಯನ್ನು ಗುರುವಾರ ಬೆಳಿಗ್ಗೆ ಗುಡಿಸಿ ಒರೆಸಬೇಕಾದವಳೂ ಅವಳೇ. ಈ ಎರಡು ವಿಷಯಗಳನ್ನು ಆಸ್ಪತ್ರೆಯವರು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ನೋಡಿದ್ದರೆ ಬಹುಶಃ ಕರೆ ಬರುತ್ತಿರಲಿಲ್ಲ.

ಆರು ವರ್ಷದಿಂದ ಅವಳು ಅಲ್ಲಿ ನೆಲ ಒರೆಸುತ್ತಿದ್ದಳು. ನೆಲ ಒರೆಸುವುದು ಸುಲಭದ ಭಾಗ. ಪರೀಕ್ಷೆ ಮುಗಿದ ಮೇಲೆ ಉಳಿಯುವ ಡಬ್ಬಿಗಳನ್ನು ಚೆಲ್ಲಿ, ತೊಳೆದು, ಕುದಿಸಿ, ಮತ್ತೆ ತೊಳೆಯಬೇಕಿತ್ತು. ಊರಿನ ಕ್ಷಯದ ಕಫವೆಲ್ಲ ಅವಳ ಕೈ ದಾಟಿ ಹೋಗುತ್ತಿತ್ತು. ಕೈಗವಸು ವಾರಕ್ಕೆ ಒಂದು ಜೊತೆ. ಎರಡನೇ ದಿನಕ್ಕೆ ಹೆಬ್ಬೆರಳಿನ ಹತ್ತಿರ ಹರಿಯುತ್ತಿತ್ತು. ಕ್ಲೋರಿನ್ ನೀರು ಒಳಗೆ ಹೋಗಿ ಬೆರಳ ತುದಿಗಳು ಒಡೆದು ಬಿಳಿಚಿಕೊಂಡಿದ್ದವು. ಮನೆಯಲ್ಲಿ ಬಾಳೆಹಣ್ಣು ಸುಲಿದು ತಿಂದರೂ ಆಸ್ಪತ್ರೆಯ ರುಚಿ.

ಸಮವಸ್ತ್ರ ಹಳದಿ. ಬೆನ್ನ ಮೇಲೆ ಸ್ವಚ್ಛತೆಯ ಗುತ್ತಿಗೆ ಹಿಡಿದ ಕಂಪನಿಯ ಹೆಸರು ದೊಡ್ಡದಾಗಿ ಇತ್ತು. ಹಿಂದಿನಿಂದ ನೋಡಿದವರಿಗೆ ಅವಳು ಕಂಪನಿ. ಮುಂದಿನಿಂದ ಯಾರೂ ನೋಡುತ್ತಿರಲಿಲ್ಲ. ಕರೆಯಬೇಕಾದಾಗ "ಕ್ಲೀನರ್" ಅನ್ನುತ್ತಿದ್ದರು. ಇಬ್ಬರು ಕ್ಲೀನರುಗಳಿದ್ದರು, ಅವಳು ಮತ್ತು ಟೆಕ್ಲಾ. ಕರೆದಾಗ ಇಬ್ಬರಲ್ಲಿ ಯಾರು ಹೋದರೂ ನಡೆಯುತ್ತಿತ್ತು.

ಸಂಜೆ ಶಾಲೆಗೆ ಹೋಗಿ ಹನ್ನೆರಡನೇ ತರಗತಿ ಮುಗಿಸಿದ್ದು, ಆಮೇಲೆ ತಾಂತ್ರಿಕ ಕಾಲೇಜಿನಲ್ಲಿ ಪ್ರಯೋಗಾಲಯ ಸಹಾಯಕರ ಸರ್ಟಿಫಿಕೇಟು ಪಡೆದಿದ್ದು, ಇದೆಲ್ಲ ಅವಳು ಪ್ರಯೋಗಾಲಯದಲ್ಲಿ ಯಾರಿಗೂ ಹೇಳಿರಲಿಲ್ಲ. ಟೆಕ್ಲಾಗೆ ಮಾತ್ರ ಗೊತ್ತಿತ್ತು. ಅರ್ಜಿ ಹಾಕಿದ ದಿನ ಟೆಕ್ಲಾ ಕೇಳಿದ್ದು ಒಂದೇ ಮಾತು.

"ಕೆಲಸ ಸಿಕ್ಕ ಮೇಲೆ ನನ್ನನ್ನ ಏನಂತ ಕರೀತೀಯೇ?"

"ಟೆಕ್ಲಾ ಅಂತ."

"ನೋಡೋಣ," ಅಂದಳು ಟೆಕ್ಲಾ. ಒರೆಸುವುದಕ್ಕೆ ಹೋದಳು.

ಸೆರಫೀನಾ ಇದ್ದದ್ದು ಕ್ವಾರಿ ಗುಡ್ಡದಲ್ಲಿ. ಹಿಂದೆ ಕರಾವಳಿಯ ಈ ರಾಜಧಾನಿ ಪೋರ್ಟ್ ಮೋರ್ಸ್‌ಬಿಯ ರಸ್ತೆಗಳಿಗೆ ಅಲ್ಲಿಂದ ಕಲ್ಲು ಒಡೆದರು. ಕಲ್ಲು ಮುಗಿದ ಮೇಲೆ ಉಳಿದ ಗುಂಡಿಯ ಸುತ್ತ ಗೊಯಿಲಾಲಾ ಬೆಟ್ಟದಿಂದ ಇಳಿದು ಬಂದವರು ತಗಡು ಹೊದಿಸಿಕೊಂಡು ಕೂತರು. ಮೂರು ತಲೆಮಾರಾಯಿತು. ಈಗಲೂ ಅದಕ್ಕೆ ಪಟ್ಟಾ ಇಲ್ಲ. ನೀರಿಗೆ ಒಂದು ನಲ್ಲಿ. ಬುಲ್ಡೋಜರು ಎರಡು ಸಲ ಬಂದು ಹೋಗಿತ್ತು. ಮೂರನೇ ಸಲ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಯಾವಾಗ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಅವಳ ಅಜ್ಜ ಗೊಪೆ ಮೊದಲು ಬಂದವರಲ್ಲಿ ಒಬ್ಬ. ಬಿಳಿಯರ ಕಾಲ ಅದು. ಬಿಳಿಯರ ಮನೆಗಳ ಹಿಂದೆ ಪಾಯಿಖಾನೆ, ಪಾಯಿಖಾನೆಯ ಕೆಳಗೆ ಬಕೆಟ್. ತುಂಬಿದ ಬಕೆಟ್ಟನ್ನು ಹೆಗಲ ಮೇಲೆ ಎತ್ತಿ, ಖಾಲಿ ಬಕೆಟ್ ಇಟ್ಟು, ಲಾರಿಗೆ ಸುರಿಯಬೇಕು. ಕರಾವಳಿಯವರು ಆ ಕೆಲಸ ಮಾಡುವುದಿಲ್ಲ ಅಂದರು. ಬೆಟ್ಟದವರಿಗೆ ಇಲ್ಲ ಅನ್ನುವ ಮಾತು ಬಿಳಿಯರ ಭಾಷೆಯಲ್ಲಿ ಇನ್ನೂ ಬರುತ್ತಿರಲಿಲ್ಲ. ಗೊಪೆ ಮುದುಕನಾಗುವವರೆಗೆ ಹೊತ್ತ. ಬಲ ಹೆಗಲು ಎಡಕ್ಕಿಂತ ಒಂದು ಗೇಣು ಇಳಿದಿತ್ತು. ಬಿಳಿಯರು ಹೋದರು. ಪೈಪು ಬಂತು. ಬಕೆಟ್ ಹೋಯಿತು. ಹೆಸರು ಉಳಿಯಿತು. ಶಾಲೆಯಲ್ಲಿ ಸೆರಫೀನಾ ಬೆಂಚಿಗೆ ಬಂದು ಕೂತರೆ ಪಕ್ಕದ ಹುಡುಗಿ ಮೂಗು ಮುಚ್ಚಿ "ಬಕೆಟ್ ಬಂತು" ಅನ್ನುತ್ತಿದ್ದಳು. ಟೀಚರು ನಗದೆ ಇರಲು ಪ್ರಯತ್ನ ಪಡುತ್ತಿದ್ದರು.

ಸಂದರ್ಶನಕ್ಕೆ ಅವಳನ್ನು ಸಿದ್ಧ ಮಾಡುವ ಹೊಣೆಯನ್ನು ಇಡೀ ಗುಡ್ಡ ಹೊತ್ತುಕೊಂಡಿತು. ಅವಳು ಕೇಳಿರಲಿಲ್ಲ.

ಆ ಸಿದ್ಧತೆಗೆ ಮುಖ್ಯಸ್ಥ ಬೆನೆಡಿಕ್ಟ್. ಅವನು ಬ್ಯಾಂಕಿನಲ್ಲಿ ಕಾವಲುಗಾರನಾಗಿದ್ದವನು. ಮ್ಯಾನೇಜರರ ಕೋಣೆಯ ಬಾಗಿಲ ಹೊರಗೆ ನಿಂತೇ ವಯಸ್ಸು ಕಳೆದಿದ್ದ. ಒಳಗೆ ನಡೆಯುವ ಸಂದರ್ಶನಗಳೆಲ್ಲ ಅವನ ಕಿವಿಗೆ ಬಿದ್ದಿದ್ದವು. ಗುಡ್ಡದಲ್ಲಿ ಆ ವಿಷಯಕ್ಕೆ ಅವನಿಗಿಂತ ದೊಡ್ಡ ಪಂಡಿತ ಇರಲಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವರೆಲ್ಲ ಮಾವಿನ ಮರದ ಕೆಳಗೆ ಸೇರಿದರು. ಬೆನೆಡಿಕ್ಟ್ ಎಣ್ಣೆ ಡ್ರಮ್ಮಿನ ಮೇಲೆ ಕೂತ. ಸೆರಫೀನಾಗೆ ಎದುರಿಗೆ ಒಂದು ಇಟ್ಟಿಗೆ.

"ಮೊದಲು ಬಾಗಿಲು ತಟ್ಟು," ಅಂದ.

"ಬಾಗಿಲೆಲ್ಲಿದೆ?"

"ಇದೆ ಅಂದ್ಕೊಳೇ."

ಅವಳು ಗಾಳಿಗೆ ತಟ್ಟಿದಳು. ಮಕ್ಕಳು "ಯಾರದು?" ಅಂತ ಕೂಗಿದವು. ಬೆನೆಡಿಕ್ಟ್ ಗಂಟಲು ಸರಿಮಾಡಿಕೊಂಡು ಬ್ಯಾಂಕಿನ ದನಿ ತೆಗೆದ.

"ನಿಮ್ಮಲ್ಲಿರೋ ದೊಡ್ಡ ದೋಷ ಯಾವುದು?"

"ಇಂಥಾ ಪ್ರಶ್ನೆ ಕೇಳ್ತಾರಾ?"

"ಎಲ್ಲರ್ಗೂ ಕೇಳೋರು. ಅದಕ್ಕೆ 'ನಾನು ಅತಿಯಾಗಿ ದುಡೀತೀನಿ' ಅನ್ನಬೇಕು. ಎಲ್ಲರೂ ಹಂಗೇ ಅನ್ನೋರು. ದೋಷ ಇಲ್ಲದೋನು ಒಬ್ನೂ ಕೆಲಸಕ್ಕೆ ಸೇರಲಿಲ್ಲ, ಅತಿಯಾಗಿ ದುಡಿದೋನೂ ಒಬ್ನೂ ಇರಲಿಲ್ಲ."

ಜನ ನಕ್ಕರು.

"ಐದು ವರ್ಷ ಆದ್ಮೇಲೆ ನೀವು ಎಲ್ಲಿರ್ತೀರಾ?"

"ಇಲ್ಲೇ," ಅಂದಳು ಸೆರಫೀನಾ. "ಬುಲ್ಡೋಜರ್ ಬರದಿದ್ರೆ."

ಈ ಸಲ ಯಾರೂ ನಗಲಿಲ್ಲ. ಬೆನೆಡಿಕ್ಟ್ ಆ ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋದ.

ಚಿಕ್ಕಮ್ಮ ಕಮಿಲಾ ಜನರ ನಡುವಿನಿಂದ ಮುಂದೆ ಬಂದಳು. ತಾಯಿ ಸತ್ತ ಮೇಲೆ ಸೆರಫೀನಾಗೆ ತಾಯಿಯ ಜಾಗದಲ್ಲಿ ನಿಂತವಳು ಅವಳೇ. ಬಸ್ ನಿಲ್ದಾಣದ ಹತ್ತಿರ ಗೋಣಿ ಹಾಸಿ ಅಡಿಕೆ, ಸುಣ್ಣ, ಬೇಯಿಸಿದ ಮೊಟ್ಟೆ, ಬಿಡಿ ಸಿಗರೇಟು ಮಾರುತ್ತಿದ್ದಳು. ಪೊಲೀಸರು ಬಂದಾಗ ಗೋಣಿಯನ್ನು ನಾಲ್ಕೂ ಮೂಲೆ ಹಿಡಿದು ಎತ್ತಿಕೊಂಡು ಓಡುವುದರಲ್ಲಿ ಆ ಪ್ರಾಯದಲ್ಲೂ ಅವಳನ್ನು ಮೀರಿಸುವವರಿರಲಿಲ್ಲ.

"ಇವೆಲ್ಲ ಬಿಡೋ ಬೆನೆಡಿಕ್ಟ್," ಅಂದಳು. "ಎಲ್ಲಿಯವಳು ಅಂತ ಕೇಳ್ತಾರೆ. ಅದಕ್ಕೇನಂತಾಳೆ?"

ಬೆನೆಡಿಕ್ಟ್ ಡ್ರಮ್ಮಿನ ಮೇಲೆ ಸರಿದು ಕೂತ.

"ಸೆಂಟ್ರಲ್ ಪ್ರಾಂತ್ಯ ಅನ್ನು," ಅಂದ ಬೆನೆಡಿಕ್ಟ್. "ಸುಳ್ಳಲ್ಲ. ನಮ್ಮ ಬೆಟ್ಟಾನೂ ಸೆಂಟ್ರಲ್ಲಲ್ಲೇ ಇರೋದು. ಕರಾವಳಿಯವಳು ಅಂದ್ಕೊಂಡ್ರೆ ಅಂದ್ಕೊಳ್ಳಲಿ."

"ವಿಳಾಸ?"

"ಚರ್ಚಿನದು ಕೊಟ್ಟಿದೀನಿ ಅರ್ಜೀಲಿ," ಅಂದಳು ಸೆರಫೀನಾ.

"ಜಾಣೆ," ಅಂದಳು ಚಿಕ್ಕಮ್ಮ. "ದೇವರ ಮನೇಲಿ ಇದೀನಿ ಅಂದ್ರೆ ಯಾರೂ ಒಕ್ಕಲೆಬ್ಬಿಸಲ್ಲ. ಇನ್ನು ಹಲ್ಲು. ಬಾಯಿ ತೆಗಿ."

ಸೆರಫೀನಾ ಬಾಯಿ ತೆರೆದಳು. ಚಿಕ್ಕಮ್ಮ ಕುದುರೆ ಕೊಳ್ಳುವವಳ ಹಾಗೆ ಬಗ್ಗಿ ನೋಡಿದಳು. ಅಡಿಕೆಯ ಕೆಂಪು ಹಲ್ಲಿನ ಬುಡದಲ್ಲಿ ಕೂತಿತ್ತು. ಅವತ್ತಿನಿಂದ ಅಡಿಕೆ ಬಂದ್. ಅಡಿಕೆ ಮಾರುವವಳ ಮನೆಯಲ್ಲೇ ಅಡಿಕೆ ಬಂದ್. ದಿನಾ ಇದ್ದಿಲು ಪುಡಿಯಲ್ಲಿ ಉಜ್ಜಿ ಉಜ್ಜಿ ಒಸಡಿನಲ್ಲಿ ರಕ್ತ ಬಂತು. ಬಾಯಿ ಮತ್ತೆ ಕೆಂಪಗೇ ಆಯಿತು.

ಶೂ ಚರ್ಚಿನ ಹಾಡಿನ ಗುಂಪಿನ ಒಬ್ಬಳದು. ಒಂದು ಅಳತೆ ಚಿಕ್ಕದು. ನಡೆದರೆ ಹೆಬ್ಬೆರಳು ಮಡಚಿಕೊಳ್ಳುತ್ತಿತ್ತು. "ನಡೆಯೋದೇನೂ ಇಲ್ಲ ಕಣೆ, ಕೂರೋದೇ ತಾನೇ," ಅಂದಳು ಕೊಟ್ಟವಳು. ಬಿಳಿ ರವಿಕೆ, ಕಪ್ಪು ಲಂಗ ಸೆರಫೀನಾಳದೇ. ಲಂಗ ತಾಯಿಯ ಮಣ್ಣಿಗೆ ಅಂತ ಹೊಲಿಸಿದ್ದು.

ಬುಧವಾರ ಅವಳು ಸೂಪರ್‌ವೈಸರ್ ಮೊರೆಯಾನ ಹತ್ತಿರ ಹೋಗಿ ನಿಂತಳು. ಮೊರೆಯಾ ಗುತ್ತಿಗೆ ಕಂಪನಿಯವನು. ಆಸ್ಪತ್ರೆಯ ಕಸವೆಲ್ಲ ಅವನ ಅಧೀನದಲ್ಲಿತ್ತು. ಕಸ ಗುಡಿಸುವವರೂ ಅದರಲ್ಲೇ ಸೇರಿದ್ದರು.

"ನಾಳೆ ರಜೆ ಬೇಕಿತ್ತು ಬಾಸ್. ಬೆಳಿಗ್ಗೆ ಮಾತ್ರ."

"ಯಾಕೆ?"

"ಇಂಟರ್‌ವ್ಯೂ ಇದೆ."

"ಎಲ್ಲಿ?"

"ಇಲ್ಲೇ. ಲ್ಯಾಬಲ್ಲಿ."

ಮೊರೆಯಾ ಸ್ವಲ್ಪ ಹೊತ್ತು ಅವಳ ಮುಖ ನೋಡಿದ. ತಮಾಷೆ ಇರಬಹುದು ಅಂತ ಕಾದ. ತಮಾಷೆ ಬರಲಿಲ್ಲ.

"ನಾಳೆ ಲ್ಯಾಬಲ್ಲಿ ಇಂಟರ್‌ವ್ಯೂ ಇದೆ ಅಂತಾನೇ ಬೆಳಿಗ್ಗೆ ರೂಮು ಚೊಕ್ಕ ಮಾಡಿಸು ಅಂತ ಹೇಳಿ ಕಳಿಸಿದಾರೆ. ಅದು ನಿನ್ನ ಡ್ಯೂಟಿ. ಮೊದಲು ರೂಮು ಮಾಡು. ಆಮೇಲೆ ಬೇಕಾದ್ರೆ ಹೋಗಿ ಕೂತ್ಕೋ."

"ಆಮೇಲಿನ ಹೊತ್ತಿಗೆ?"

"ಅರ್ಧ ದಿನ ರಜೆ. ಸಂಬಳ ಇಲ್ಲ."

"ಆಯ್ತು ಬಾಸ್."

ಅವನು ಅವಳ ಕಣ್ಣೆದುರೇ ಹಾಜರಿ ಪಟ್ಟಿಯಲ್ಲಿ ಗುರುವಾರದ ಚೌಕವನ್ನು ಅರ್ಧಕ್ಕೆ ಕೊಯ್ದ.

ಗುರುವಾರ ಬೆಳಿಗ್ಗೆ ಸೆರಫೀನಾ ಹಳದಿ ಸಮವಸ್ತ್ರದಲ್ಲಿ ಕೋಣೆ ಗುಡಿಸಿದಳು. ಅದು ಪ್ರಯೋಗಾಲಯದ ಒಳಗಿನದೇ ಒಂದು ಚಿಕ್ಕ ಕೋಣೆ. ಅದರೊಳಗಿಂದ ಹಾದು ಹೋದರೆ ಶೀತಕೋಣೆ. ಮೇಜು ಒರೆಸಿದಳು. ಮೇಜಿನ ಆಚೆ ಮೂರು ಮೆತ್ತನೆ ಕುರ್ಚಿ, ಈಚೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಪ್ಲಾಸ್ಟಿಕ್ ಕುರ್ಚಿಯ ಕಾಲೊಂದು ಅಲ್ಲಾಡುತ್ತಿತ್ತು. ಬದಲಾಯಿಸಿ ಇನ್ನೊಂದು ತಂದಳು. ಅದನ್ನು ಎರಡು ಸಲ ಒರೆಸಿದಳು. ಬಿಸ್ಕತ್ತು, ನೀರು, ಲೋಟ ಇಟ್ಟಳು.

ಪ್ರಯೋಗಾಲಯದ ಮುಖ್ಯಸ್ಥ ಗವೆರಾ ರಾರುವಾ ಕಡತ ಹಿಡಿದು ಒಳಗೆ ಬಂದರು. ಕರಾವಳಿಯವರು. ಮೆಲು ಮಾತಿನವರು. ಕೆಟ್ಟವರು ಅಂತ ಯಾರೂ ಅನ್ನುತ್ತಿರಲಿಲ್ಲ. ಮೇಜಿನ ಮೇಲೆ ಕಣ್ಣಾಡಿಸಿದರು.

"ಕ್ಲೀನರ್, ಇನ್ನೊಂದು ಲೋಟ."

ಸೆರಫೀನಾ ಇನ್ನೊಂದು ಲೋಟ ತಂದಿಟ್ಟಳು.

ಪೊರಕೆ ಇಡುವ ಗೂಡಿನಲ್ಲಿ ಬಟ್ಟೆ ಬದಲಾಯಿಸಿದಳು. ಎರಡೂ ಮೊಣಕೈ ಗೋಡೆಗೆ ತಾಗುತ್ತಿದ್ದವು. ಟೆಕ್ಲಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ರವಿಕೆಯ ಹಿಂದಿನ ಗುಂಡಿ ಹಾಕಿದಳು. ಸೆರಫೀನಾಳ ಕೈ ಮೂಸಿ ನೋಡಿದಳು.

"ಬ್ಲೀಚ್ ವಾಸನೆ ಬರ್ತಿದೆ ಕಣೆ."

"ಇರಲಿ. ಲ್ಯಾಬ್ ತಾನೇ."

ಹೊರಗೆ ಮೊಗಸಾಲೆಯಲ್ಲಿ ನಾಲ್ವರು ಅಭ್ಯರ್ಥಿಗಳು ಕೂತಿದ್ದರು. ಅವಳು ಐದನೆಯವಳಾಗಿ ಹೋಗಿ ಕೂತಳು. ಕರೆಯುವ ಸರದಿಯಲ್ಲಿ ಅವಳದು ಮೂರನೆಯದು. ಪಕ್ಕದಲ್ಲಿ ಟೈ ಕಟ್ಟಿದ ಹುಡುಗ. ವಿಶ್ವವಿದ್ಯಾಲಯದವನು. ಸರಿದು ಜಾಗ ಕೊಟ್ಟ.

"ಹೆದರಿಕೆ ಆಗ್ತಿದೆಯಾ ಅಕ್ಕಾ?" ಅಂದ.

"ಶೂ ಕಚ್ತಿದೆ," ಅಂದಳು.

"ನನಗೆ ಟೈ," ಅಂದ.

ಇಬ್ಬರೂ ನಕ್ಕರು. ಒಬ್ಬ ಮನುಷ್ಯನ ಪಕ್ಕ ಇನ್ನೊಬ್ಬ ಮನುಷ್ಯ ಕೂತ ಹಾಗೆ ಕೂತಿದ್ದರು. ಆ ಕಟ್ಟಡದಲ್ಲಿ ಹಾಗೆ ಕೂತದ್ದು ಅವಳಿಗೆ ಹೊಸದು.

ಸರದಿ ಬಂತು. ತಟ್ಟಿ ಒಳಗೆ ಹೋದಳು. ಗವೆರಾ ತಲೆ ಎತ್ತಿ ನೋಡಿ ಮತ್ತೆ ಕಾಗದಕ್ಕೆ ಕಣ್ಣು ಹಾಕಿದರು.

"ಈಗ ಬೇಡಮ್ಮ. ಸಂದರ್ಶನ ನಡೀತಿದೆ. ಮುಗಿದ ಮೇಲೆ ಬಂದು ಗುಡಿಸು."

"ನಾನು ಸೆರಫೀನಾ ಐವು," ಅಂದಳು.

ಗವೆರಾ ಕಾಗದ ನೋಡಿದರು. ಅವಳನ್ನು ನೋಡಿದರು. ಕಾಗದ ತಿರುವಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ.

"ಓ. ಕೂತ್ಕೊಳ್ಳಿ."

ಅವರ ಎಡಕ್ಕೆ ಸಿಬ್ಬಂದಿ ವಿಭಾಗದ ಮಿಸೆಸ್ ಹೇನಿ. ಕೊರಳಲ್ಲಿ ಮುತ್ತಿನ ಸರ. ಬಲಕ್ಕೆ ಡಾಕ್ಟರ್ ಶ್ರೀಧರ್. ಭಾರತದಿಂದ ಬಂದವರು. ರೋಗಪರೀಕ್ಷೆಯ ತಜ್ಞರು. ಆರು ವರ್ಷ ಅವಳು ಅವರ ಮೇಜಿನ ಕೆಳಗಿನ ಕಸದ ಬುಟ್ಟಿ ಖಾಲಿ ಮಾಡಿದ್ದಳು. ಅವರು ಪ್ರತಿ ಸಲವೂ ಕಾಲು ಎತ್ತಿ ಉಪಕಾರ ಮಾಡಿದ್ದರು.

ಮೊದಲ ಪ್ರಶ್ನೆ ಗವೆರಾ ಅವರದು. "ಒಂದು ಸ್ಯಾಂಪಲ್ ಬಂತು. ಟ್ಯೂಬಿನ ಮೇಲೆ ಹೆಸರಿಲ್ಲ. ಏನು ಮಾಡ್ತೀರಿ?"

"ತಗೊಳ್ಳಲ್ಲ. ವಾಪಸ್ ಕಳಿಸ್ತೀನಿ. ಹೆಸರಿಲ್ಲದಿದ್ರೆ ಅದು ಯಾರದ್ದೂ ಅಲ್ಲ."

"ಸರಿ."

ಡಾಕ್ಟರ್ ಶ್ರೀಧರ್ ಯಾವ ಬಣ್ಣದ ಮುಚ್ಚಳದ ಟ್ಯೂಬಿಗೆ ಮೊದಲು ರಕ್ತ ತುಂಬಬೇಕು, ಯಾವುದಕ್ಕೆ ಆಮೇಲೆ ಅಂತ ಕೇಳಿದರು. ಅವಳು ಹೇಳಿದಳು. ನೀಲಿ ಮತ್ತು ಕೆಂಪು ಹಿಂದುಮುಂದಾದವು.

"ತಪ್ಪು," ಅಂದರು ಡಾಕ್ಟರು. ಬರೆದುಕೊಂಡರು. ಅವಳು ಅಂದುಕೊಂಡಿದ್ದಕ್ಕಿಂತ ಹೆಚ್ಚು ಹೊತ್ತು ಬರೆದರು.

ಮಿಸೆಸ್ ಹೇನಿ ಕನ್ನಡಕ ಸರಿಮಾಡಿಕೊಂಡರು. "ಐವು. ಐವು ಅಂದ್ರೆ ಯಾವ ಕಡೆ ಹೆಸರಮ್ಮ ಅದು?"

"ಸೆಂಟ್ರಲ್..." ಅಂದಳು ಸೆರಫೀನಾ.

"ಸೆಂಟ್ರಲ್ ನಾನೂ. ಸೆಂಟ್ರಲ್ಲಲ್ಲಿ ಎಲ್ಲಿ?"

ಕೋಣೆಯಲ್ಲಿ ಪಂಖ ತಿರುಗುತ್ತಿತ್ತು. ಮಾವಿನ ಮರದ ಕೆಳಗೆ ಇಷ್ಟರವರೆಗೆ ಯಾರೂ ಯೋಚಿಸಿರಲಿಲ್ಲ. ಸೆರಫೀನಾಗೆ ಇದ್ದಕ್ಕಿದ್ದಂತೆ ಬೇಜಾರಾಯಿತು. ಹೆದರಿಕೆಯಲ್ಲ, ಬರೀ ಬೇಜಾರು. ವಾರವೆಲ್ಲ ಉಜ್ಜಿದ ಹಲ್ಲಿನ ಬೇಜಾರು.

"ಗೊಯಿಲಾಲಾ," ಅಂದಳು. "ಇರೋದು ಕ್ವಾರಿ ಗುಡ್ಡದಲ್ಲಿ."

"ಹಾಗನ್ನು," ಅಂದರು ಮಿಸೆಸ್ ಹೇನಿ. ನಗುತ್ತಾ ಡಾಕ್ಟರ ಕಡೆ ತಿರುಗಿದರು. "ಇವರ ತಾತಂದಿರು ಹಿಂದೆ ನಮ್ಮ ಬೀದಿಗಳಲ್ಲಿ ಬಕೆಟ್ ಹೊರ್ತಿದ್ರು ಡಾಕ್ಟ್ರೇ. ಬೆಳಕು ಹರಿಯೋದ್ರೊಳಗೆ ಬಂದು ಹೋಗೋರು. ನಿಮಗೆ ಗೊತ್ತಿರಲ್ಲ..."

"ಗೊತ್ತಾಯ್ತು, ಗೊತ್ತಾಯ್ತು," ಅಂದರು ಡಾಕ್ಟರ್ ಶ್ರೀಧರ್. ಬೇಗ ಅಂದರು. ಅವರ ದೇಶದಲ್ಲಿ ಅದಕ್ಕೆ ವಿವರಣೆ ಬೇಕಾಗಿರಲಿಲ್ಲ. ಅವರ ಕೈ ತಾನಾಗಿಯೇ ಹೋಗಿ ಬಿಸ್ಕತ್ತಿನ ತಟ್ಟೆಯನ್ನು ತಮ್ಮ ಕಡೆಗೆ ಸ್ವಲ್ಪ ಎಳೆದುಕೊಂಡಿತು. ಅದು ಅವರಿಗೂ ಗೊತ್ತಾದಂತೆ ಕಾಣಲಿಲ್ಲ.

"ಹೌದು," ಅಂದಳು ಸೆರಫೀನಾ. "ನಮ್ಮಜ್ಜ ಹೊತ್ತಿದಾನೆ. ನಿಮ್ಮ ಬೀದೀಲೂ ಹೊತ್ತಿರ್ತಾನೆ."

ಗವೆರಾ ಕೆಮ್ಮಿದರು. "ಅದೆಲ್ಲ ಹಳೇ ಕಾಲ. ಈಗ ಆ ಥರ ಏನಿಲ್ಲ. ಇದು ವಿಜ್ಞಾನದ ಜಾಗ. ಇಲ್ಲಿ ಎಲ್ಲರ ರಕ್ತಾನೂ ಒಂದೇ. ಅದನ್ನ ಮೊದಲು ಸ್ಪಷ್ಟ ಮಾಡ್ತೀನಿ. ಎಲ್ಲಾ ಅಭ್ಯರ್ಥಿಗಳೂ ನಮಗೆ ಸಮಾನ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಸೈಮನ್ ಅನ್ನುವ ತಂತ್ರಜ್ಞ ಶೀತಕೋಣೆಗೆ ಹೋಗಲು ಬಂದ. ಒಂದು ಕೈಯಲ್ಲಿ ರಕ್ತದ ಗಾಜಿನ ಟ್ಯೂಬುಗಳ ಚೌಕಟ್ಟು. ಇನ್ನೊಂದು ಕಂಕುಳಲ್ಲಿ ಮೂತ್ರ ತುಂಬಿದ ದೊಡ್ಡ ಕಂದು ಬಾಟಲಿ. ಯಾವುದೋ ರೋಗಿಯ ಇಡೀ ದಿನದ್ದು. "ಕ್ಷಮಿಸಿ, ಕ್ಷಮಿಸಿ," ಅನ್ನುತ್ತಾ ಗೋಡೆಗೆ ಒತ್ತಿಕೊಂಡು ನಡೆದ. ನೆಲದ ಮೇಲೆ ನಿಲ್ಲಿಸಿದ್ದ ಪಂಖದ ತಂತಿಗೆ ಕಾಲು ಸಿಕ್ಕಿತು. ಮೊದಲು ಬಾಟಲಿ ಬಿತ್ತು. ಅದನ್ನು ಹಿಡಿಯಲು ಹೋಗಿ ಚೌಕಟ್ಟೂ ಬಿತ್ತು.

ಗಾಜು ಒಡೆಯಿತು. ರಕ್ತ ನೆಲದ ಮೇಲೆ ಹರಿದು ಮೂತ್ರದ ಜೊತೆ ಸೇರಿತು. ಒಟ್ಟಾಗಿ ಮೇಜಿನ ಕಡೆ ಬಂತು. ಮಿಸೆಸ್ ಹೇನಿ ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ಡಾಕ್ಟರು ಎದ್ದು ಗೋಡೆಗೆ ಒರಗಿದರು. ಸೈಮನ್ ಅಂಗೈ ನೋಡಿಕೊಂಡ. ಗಾಜು ಚುಚ್ಚಿತ್ತು. ತೊಳೆದುಕೊಳ್ಳಲು ಹೊರಗೆ ಓಡಿದ.

ಗವೆರಾ ಎದುರಿಗೆ ನೋಡಿದರು.

"ಸೆರಫೀನಾ, ಬೇಗ ಒಂದು ಸಲ ಒರೆಸಿಬಿಡಿ. ಆಮೇಲೆ ಮುಂದುವರಿಸೋಣ."

ಅವಳ ಹೆಸರನ್ನು ಅವರು ಬಾಯಲ್ಲಿ ಕರೆದದ್ದು ಆರು ವರ್ಷದಲ್ಲಿ ಅದೇ ಮೊದಲು.

ಅವಳ ಮೈ ಆಗಲೇ ಎದ್ದಿತ್ತು. ಮೊಣಕಾಲಿಗೆ ಆ ದನಿ ಗೊತ್ತು. ಬೆನ್ನಿಗೆ ಗೊತ್ತು. ಬಲಗೈ ಕೈಗವಸು ತೆಗೆಯಲು ಜೇಬಿಗೆ ಹೋಯಿತು. ತಾಯಿಯ ಮಣ್ಣಿಗೆ ಹೊಲಿಸಿದ ಲಂಗಕ್ಕೆ ಜೇಬಿರಲಿಲ್ಲ. ಕೈ ಬಟ್ಟೆಯ ಮೇಲೆ ಜಾರಿ ಸುಮ್ಮನೆ ನಿಂತಿತು. ಅರ್ಧ ಎದ್ದವಳು ಆ ಕೈಯನ್ನೇ ನೋಡಿದಳು. ಒಡೆದ ಬಿಳಿ ಬೆರಳು. ಮತ್ತೆ ಕೂತಳು.

"ಸೆರಫೀನಾ?"

"ನಾನು ಇಂಟರ್‌ವ್ಯೂಗೆ ಬಂದಿದೀನಿ ಸರ್."

"ಗೊತ್ತು, ಗೊತ್ತು. ಎರಡು ನಿಮಿಷದ ಕೆಲಸ. ನಿಮಗೆ ಅಭ್ಯಾಸ ಇದೆ."

"ಹೊರಗೆ ಇನ್ನೂ ಇಬ್ಬರು ಕೂತಿದಾರೆ. ಅವರಲ್ಲಿ ಒಬ್ಬರನ್ನ ಕರೀರಿ."

"ಏನ್ ಮಾತಮ್ಮ ಇದು," ಅಂದರು ಮಿಸೆಸ್ ಹೇನಿ ಕುರ್ಚಿಯ ಮೇಲಿಂದ. "ಅವರು ಅಭ್ಯರ್ಥಿಗಳು."

"ನಾನೂ."

ನೆಲದ ಮೇಲಿನದು ಮೆಲ್ಲಗೆ ಮುಂದೆ ಬರುತ್ತಿತ್ತು.

ಗವೆರಾ ಎದ್ದು ಹೋಗಿ ಬಾಗಿಲಲ್ಲಿ ನಿಂತು ಮೊರೆಯಾನನ್ನು ಕೂಗಿದರು. ಮೊರೆಯಾ ಬಂದ. ನೆಲ ನೋಡಿದ. ಸೆರಫೀನಾಳನ್ನು ನೋಡಿದ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

"ಏಳೇ. ಏನ್ ಕೂತಿದೀಯ ಮಹಾರಾಣಿ ಥರ? ಬಕೆಟ್ ತಗೊಂಡು ಬಾ."

"ನಾನು ಡ್ಯೂಟಿಲಿಲ್ಲ ಬಾಸ್. ಅರ್ಧ ದಿನ ನೀವೇ ಕೊಯ್ದಿದೀರಿ."

"ಸಂಬಳ ಹಾಕ್ತೀನಿ, ಏಳು."

"ಬೇಡ. ಹೊರಗಿರೋ ಹುಡುಗಂಗೂ ಸಂಬಳ ಹಾಕ್ತೀರಾ? ಅವನನ್ನ ಕೇಳಿ ನೋಡಿ."

ಟೈ ಕಟ್ಟಿದ ಹುಡುಗ ಬಾಗಿಲ ಸಂದಿಯಿಂದ ನೋಡುತ್ತಿದ್ದ. ಮೊರೆಯಾ ಅವನ ಕಡೆ ತಿರುಗಿದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದ. ಅದಕ್ಕೆ ಅವನನ್ನು ಯಾರೂ ಏನೂ ಅನ್ನಲಿಲ್ಲ.

"ಈಗ ಒರೆಸದಿದ್ರೆ ಒರೆಸೋ ಕೆಲಸಾನೂ ಇರಲ್ಲ. ಗೊತ್ತಾಯ್ತಾ?" ಅಂದ ಮೊರೆಯಾ.

"ಗೊತ್ತಾಯ್ತು," ಅಂದಳು ಸೆರಫೀನಾ. ಗವೆರಾ ಕಡೆ ತಿರುಗಿದಳು. "ಮುಂದಿನ ಪ್ರಶ್ನೆ ಕೇಳಿ ಸರ್."

"ಸಂದರ್ಶನ ಮುಗೀತು," ಅಂದರು ಗವೆರಾ. ಆಗಲೂ ಮೆಲುದನಿಯಲ್ಲೇ ಅಂದರು.

"ಮೂರೇ ಪ್ರಶ್ನೆ ಆಗಿದೆ. ನನ್ನ ಮುಂಚೆ ಹೋದೋರಿಗೆ ಹತ್ತು ಕೇಳಿದ್ರಂತೆ."

"ಮುಗೀತು ಅಂದ್ನಲ್ಲ."

ಅವಳು ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಹಟಕ್ಕಲ್ಲ. ಶೂ ಕಚ್ಚಿ ಕಾಲು ಜೋಮು ಹಿಡಿದಿತ್ತು. ಆ ಕಾಲಲ್ಲಿ ಎದ್ದರೆ ಜಾರಿ ಅದರಲ್ಲೇ ಬೀಳುತ್ತೇನೆ, ಬಿದ್ದರೆ ಲಂಗವೇ ಒರೆಸಿದ ಹಾಗಾಗುತ್ತದೆ ಅನ್ನುವ ಯೋಚನೆ ಬಂತು. ಜೋಮು ಬಿಟ್ಟ ಮೇಲೆ ಎದ್ದಳು. ಲಂಗ ಎತ್ತಿ ಹಿಡಿದು ಒಣ ಜಾಗ ನೋಡಿ ದಾಟಿದಳು. ಹೊರಗೆ ಟೈ ಹುಡುಗ ನೆಲ ನೋಡುತ್ತಾ ಕೂತಿದ್ದ.

"ಒಳ್ಳೇದಾಗ್ಲಿ," ಅಂದಳು ಅವನಿಗೆ. ನಿಜವಾಗಿಯೇ ಅಂದಳು. ಅವನು ತಲೆ ಎತ್ತಲಿಲ್ಲ.

ಮೊರೆಯಾ ಮಧ್ಯಾಹ್ನದವರೆಗೂ ಕಾಯಲಿಲ್ಲ. ಗೂಡಿನ ಹತ್ತಿರವೇ ತಡೆದು ಸಮವಸ್ತ್ರ ವಾಪಸ್ ಕೇಳಿದ. ಅವಳು ಕೊಟ್ಟಳು.

"ಒಗೆದು ಕೊಡಬೇಕು. ಅದು ನಿಯಮ."

"ಒಗೆಯೋರು ಬೇರೆ ಯಾರಾದ್ರೂ ಇರ್ತಾರೆ ನೋಡಿ."

ಶೂ ಬಿಚ್ಚಿ ಕೈಯಲ್ಲಿ ಹಿಡಿದು ಬಸ್ ನಿಲ್ದಾಣದವರೆಗೆ ನಡೆದಳು. ಚಿಕ್ಕಮ್ಮ ಗೋಣಿಯ ಹಿಂದೆ ಕೂತಿದ್ದವಳು ದೂರದಿಂದಲೇ ಮುಖ ಓದಿದಳು. ಸರಿದು ಜಾಗ ಕೊಟ್ಟಳು. ಸೆರಫೀನಾ ಎಲ್ಲ ಹೇಳಿದಳು. ಹೇಳಿ ಮುಗಿದ ಮೇಲೆ ಚಿಕ್ಕಮ್ಮ ಶುರು ಮಾಡಿದಳು.

"ಒರೆಸಿದ್ರೆ ಏನೇ ಸವೆದು ಹೋಗ್ತಿತ್ತು? ಆರು ವರ್ಷ ಒರೆಸಿದೀಯ. ಇನ್ನೊಂದು ಸಲ ಒರೆಸಿದ್ರೆ ಏನು? ಒರೆಸಿ, ಕೈ ತೊಳ್ಕೊಂಡು, ಬಂದು ಕೂತ್ಕೊಂಡು, ಮಿಕ್ಕಿದ್ದು ಹೇಳೋದಲ್ವೇನೇ?"

"ಒರೆಸಿದ್ರೆ ಕೊಡ್ತಿದ್ರಾ ಚಿಕ್ಕಮ್ಮ?"

ಚಿಕ್ಕಮ್ಮ ಅಡಿಕೆಯನ್ನು ಗುಡ್ಡೆ ಮಾಡಿದಳು. ಕೆಡವಿದಳು. ಮತ್ತೆ ಗುಡ್ಡೆ ಮಾಡಿದಳು.

"ಇಲ್ಲ," ಅಂದಳು. "ಚೆನ್ನಾಗಿ ಒರೆಸ್ತಾಳೆ ಅಂತಿದ್ರು."

ಅಷ್ಟು ಹೇಳಿ ಅಳಲು ಶುರು ಮಾಡಿದಳು. ಗಿರಾಕಿಯೊಬ್ಬ ಬಂದು ಮೊಟ್ಟೆ ಕೇಳಿದ. ಅಳುತ್ತಲೇ ಕೊಟ್ಟಳು. ಚಿಲ್ಲರೆಯನ್ನೂ ಅಳುತ್ತಲೇ ಕೊಟ್ಟಳು.

ಸಂಜೆ ಮಾವಿನ ಮರದ ಕೆಳಗೆ ಬೆನೆಡಿಕ್ಟ್ ಎಲ್ಲ ಕೇಳಿಸಿಕೊಂಡ. ತಲೆ ಕೆರೆದುಕೊಂಡ.

"ಬ್ಯಾಂಕಲ್ಲಿ ನೆಲ ಒರೆಸ್ತೀರಾ ಅನ್ನೋ ಪ್ರಶ್ನೆ ಯಾರಿಗೂ ಕೇಳಿದ್ದಿಲ್ಲಮ್ಮ," ಅಂದ. "ನಾನು ಎಷ್ಟು ವರ್ಷ ನಿಂತಿದ್ದೆ. ಒಂದು ಸಲಾನೂ ಕೇಳಿಲ್ಲ." ತಾನು ಹೇಳಿಕೊಟ್ಟದ್ದು ಸಾಲದೇ ಹೋಯಿತು ಅಂತ ಅವನಿಗೆ ನಾಚಿಕೆಯಾಗಿತ್ತು. ಅವತ್ತು ಡ್ರಮ್ಮಿನ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತ.

ಮರುದಿನ ಸಂಜೆ ಸೆರಫೀನಾ ನಲ್ಲಿಯ ಸಾಲಿನಲ್ಲಿ ನಿಂತಿದ್ದಳು. ನೀರು ದಾರದಷ್ಟು ಬರುತ್ತಿತ್ತು. ಟೆಕ್ಲಾ ಬಸ್ಸಿಳಿದು ಮನೆಗೆ ಹೋಗದೆ ನೇರ ಅಲ್ಲಿಗೇ ಬಂದಳು. ಮೈಮೇಲೆ ಹಳದಿ ಸಮವಸ್ತ್ರ ಇರಲಿಲ್ಲ.

"ನೀನು ಹೋದ್ಮೇಲೆ ಏನ್ ಮಾಡಿದ್ರು ಗೊತ್ತಾ?" ಅಂದಳು. "ಅದರ ಮೇಲೆ ಔಷಧಿ ಸುರಿದು ನ್ಯೂಸ್ ಪೇಪರ್ ಹಾಸಿದ್ರು. ಪೇಪರ್ ಮೇಲೆ ಕುರ್ಚಿ ಹಾಕಿದ್ರು. ಉಳಿದ ಇಬ್ಬರನ್ನ ಅದರ ಮೇಲೇ ಕೂರಿಸಿ ಇಂಟರ್‌ವ್ಯೂ ಮಾಡಿದ್ರು."

"ಟೈ ಹುಡುಗನ್ನೂ?"

"ಅವನನ್ನೂ. ಮೂಗು ಹಿಡ್ಕೊಂಡೇ ಉತ್ತರ ಹೇಳಿದ್ನಂತೆ. ಅವನಿಗೇ ಆಯ್ತು ಕೆಲಸ."

ಸೆರಫೀನಾ ತಲೆ ಆಡಿಸಿದಳು.

"ನನ್ನನ್ನ ನಿನ್ನೆ ಹಿಂದಿನ ವಾರ್ಡಿಗೆ ಹಾಕಿದ್ರಲ್ಲ, ಅವರ ಕೈಗೆ ನಾನು ಸಿಕ್ಕಿರಲಿಲ್ಲ. ಇವತ್ತು ಬೆಳಿಗ್ಗೆ ಮೊರೆಯಾ ಕರೆದ. ಹೋಗಿ ನೋಡಿದ್ರೆ ಪೇಪರ್ ನೆಲಕ್ಕೆ ಅಂಟಿ ಕೂತಿದೆ. ಅದರ ಮೇಲೆ ಮಂತ್ರಿ ಫೋಟೋ ಬೇರೆ. ನಾರುತ್ತೆ ಅಂದ್ರೆ, ಅಬ್ಬಾ. ಆ ಡಾಕ್ಟ್ರು ಕರವಸ್ತ್ರ ಕಟ್ಕೊಂಡು ಓಡಾಡ್ತಿದಾರೆ. ಮೊರೆಯಾ ಹಾರೆ ಕೈಗೆ ಕೊಟ್ಟು 'ಕೆರಿ' ಅಂದ."

"ನೀನೇನಂದೆ?"

"ನನಗೂ ಇಂಟರ್‌ವ್ಯೂ ಇದೆ ಅಂದೆ."

ಸಾಲಿನಲ್ಲಿದ್ದ ಹೆಂಗಸರು ತಿರುಗಿ ನೋಡಿದರು.

"ಯಾವ ಇಂಟರ್‌ವ್ಯೂ ಅಂದ. ಯಾವುದೋ ಒಂದು ಬಾಸ್, ಇನ್ನೂ ಗೊತ್ತಾಗಿಲ್ಲ ಅಂದೆ."

ಸೆರಫೀನಾ ನಗಲಿಲ್ಲ. ಟೆಕ್ಲಾಗೆ ಮೂರು ಮಕ್ಕಳು. ಗಂಡ ಗಣಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಸರದಿ ಬಂದು ಸೆರಫೀನಾ ನಲ್ಲಿಯ ಕೆಳಗೆ ಇಟ್ಟಿದ್ದ ಡಬ್ಬಿ ತುಂಬಿ ಹರಿಯಿತು. ಹಿಂದಿನವಳು ಅದನ್ನು ಸರಿಸಿ ತನ್ನದು ಇಟ್ಟಳು.

"ಏನೇ ಮಾಡ್ತೀಯ ಈಗ?"

"ನಿನ್ನ ಪುಸ್ತಕ ಕೊಡು. ಟ್ಯೂಬ್ ಬಣ್ಣದ್ದು," ಅಂದಳು ಟೆಕ್ಲಾ. "ನೀಲಿ ಮೊದಲೋ ಕೆಂಪು ಮೊದಲೋ ನೋಡಬೇಕು."

"ನೀಲಿ ಮೊದಲು," ಅಂದಳು ಸೆರಫೀನಾ. ಡಬ್ಬಿ ಎತ್ತಿಕೊಂಡು ಕೇಳಿದಳು. "ಆ ನೆಲ ಯಾರು ಕೆರೆದ್ರು ಕೊನೆಗೆ?"

"ಗೊತ್ತಿಲ್ಲ ಕ್ಲೀನರ್," ಅಂದಳು ಟೆಕ್ಲಾ. ಆಗ ಇಬ್ಬರಿಗೂ ನಗು ಬಂತು. ನಗು ನಿಲ್ಲಿಸಲಾಗದೆ ಟೆಕ್ಲಾ ನಲ್ಲಿಯ ಕಂಬ ಹಿಡಿದುಕೊಂಡಳು. "ನಾನು ಬರೋವಾಗ ಹಂಗೇ ಇತ್ತು."